"ದೀವಾ" ಬರೀ ಸ್ಟೈಲ್ ಅಲ್ವಾ? ಎಲ್ರೂ ಕೇಳೋ ಪ್ರಶ್ನೆಗೆ ನನ್ನ ಉತ್ತರ

ಒಳ್ಳೆ ಫ್ರೆಂಚ್ ಥ್ರಿಲ್ಲರ್ ಹೇಳಿ ಅಂದೋರಿಗೆಲ್ಲ ನಾನು ಹೇಳೋದು ಜಾನ್ ಜಾಕ್ ಬೆನೆಕ್ಸ್ 1981ರಲ್ಲಿ ಮಾಡಿದ ಮೊದಲ ಸಿನಿಮಾ "ದೀವಾ". ನೋಡಿದ ಮೇಲೆ ಮುಕ್ಕಾಲು ಪಾಲು ಜನ ಕೇಳೋದು ಒಂದೇ, ನೋಡೋಕೇನೋ ಸಖತ್ತಾಗಿದೆ, ಆದ್ರೆ ಬರೀ ಸ್ಟೈಲ್ ಅಲ್ವಾ, ಒಳಗೇನಿದೆ?

ಒಳಗೆ ಒಂದು ದನಿ ಇದೆ. ಜ್ಯೂಲ್ ಅಂತ ಪ್ಯಾರಿಸ್‌ನ ಪೋಸ್ಟ್‌ಮ್ಯಾನ್ ಹುಡುಗ, ಮೊಪೆಡ್ಡಲ್ಲಿ ಓಡಾಡೋನು, ಸಿಂಥಿಯಾ ಹಾಕಿನ್ಸ್ ಅನ್ನೋ ಆಪೆರಾ ಗಾಯಕಿ ಅಂದ್ರೆ ಅವನಿಗೆ ಪ್ರಾಣ, ಆದ್ರೆ ಆಕೆ ತನ್ನ ಹಾಡನ್ನ ರೆಕಾರ್ಡ್ ಮಾಡೋಕೆ ಯಾರಿಗೂ ಬಿಟ್ಟವಳೇ ಅಲ್ಲ, ಕೇಳ್ಬೇಕಂದ್ರೆ ಎದುರಿಗೆ ಹೋಗಿ ಕೂತೇ ಕೇಳ್ಬೇಕು. ಇವನು ನಾಗ್ರಾ ರೆಕಾರ್ಡರ್ ಬಚ್ಚಿಟ್ಕೊಂಡು ಹೋಗಿ ಕದ್ದು ರೆಕಾರ್ಡ್ ಮಾಡ್ತಾನೆ, ಸಾಲದ್ದಕ್ಕೆ ಆಕೆಯ ಗೌನನ್ನೂ ಎತ್ಕೊಂಡು ಬರ್ತಾನೆ. ಅಷ್ಟರಲ್ಲಿ ಕೊಲೆಯಾಗೋ ಹೆಂಗಸೊಬ್ಬಳು ಇನ್ನೊಂದು ಕ್ಯಾಸೆಟ್ಟನ್ನ ಇವನ ಮೊಪೆಡ್ ಚೀಲಕ್ಕೆ ಹಾಕಿರ್ತಾಳೆ, ಅದ್ರಲ್ಲಿ ದೊಡ್ಡ ಪೊಲೀಸ್ ಅಧಿಕಾರಿಯೊಬ್ಬನ ಬಂಡವಾಳ ಬಯಲು ಮಾಡೋ ಮಾತಿದೆ. ಒಂದು ಟೇಪಿಗೆ ಪೈರಸಿಯವರು, ಇನ್ನೊಂದಕ್ಕೆ ಕೊಲೆಗಾರರು ಬೆನ್ನು ಹತ್ತುತ್ತಾರೆ.

ಮೊದಲ ಸಂಗೀತ ಕಛೇರಿ ಸೀನ್ ನೋಡಿ. ಬಣ್ಣ ಕಿತ್ತುಹೋದ ಗೋಡೆಗಳ ಬೂಫ್ ದ್ಯು ನೋರ್ ಥಿಯೇಟರ್, ಕತಲಾನಿಯ "ಲಾ ವಾಲಿ" ಆಪೆರಾದ ಹಾಡು, ಸಿಂಥಿಯಾ ಪಾತ್ರದಲ್ಲಿ ಹಾಡ್ತಿರೋದು ನಿಜವಾದ ಗಾಯಕಿ ವಿಲ್ಹೆಲ್ಮೇನಿಯಾ ಫೆರ್ನಾಂಡೆಸ್, ಕೆಳಗೆ ಜ್ಯೂಲ್ ಕಣ್ಣಲ್ಲಿ ನೀರು, ಅವನ ಹತ್ರಾನೇ ರೆಕಾರ್ಡರ್ ಓಡ್ತಾ ಇದೆ. ಭಕ್ತಿ, ಕಳ್ಳತನ ಎರಡೂ ಒಟ್ಟಿಗೇ! ಇಡೀ ಸಿನಿಮಾ ಅಲ್ಲೇ ಇದೆ ಅಂತೀನಿ ನಾನು. ಪ್ರೀತಿಯಿಂದ ಮಾಡಿದ ಆ ಒಂದು ಕಾಪಿಯಿಂದಾನೇ ಪೈರಸಿಯವರು ಆಕೆಯನ್ನ ಹೆದರಿಸೋಕೆ ಬರ್ತಾರೆ.

ಫಿಲಿಪ್ ರುಸೆಲೋ ಕ್ಯಾಮೆರಾದ ಆ ನೀಲಿ ಬಣ್ಣ, ಜಜ್ಜಿಹೋದ ಕಾರುಗಳ ಮಧ್ಯೆ ಜ್ಯೂಲ್ ವಾಸ ಮಾಡೋ ಗ್ಯಾರೇಜು, ಬಿಳಿ ಸಿಟ್ರೊಯೆನ್ ಕಾರು, ಎಲ್ಲಾ ಜಾಹೀರಾತಿನ ಥರ ಥಳಥಳ ಅಂತಾವೆ ನಿಜ. ಆದ್ರೆ ಹಾಗಿರೋದ್ರಿಂದಲೇ, ಎಲ್ಲವೂ ಕಾಪಿಗೆ, ಮಾರಾಟಕ್ಕೆ ಸಿಗೋ ಊರಲ್ಲಿ ಸಿಗದೇ ಇರೋ ಒಂದೇ ಒಂದು ವಸ್ತು ಆಕೆಯ ದನಿ ಅನ್ನೋದು ನಮಗೆ ನಾಟುತ್ತೆ. ಮೊಪೆಡ್ ಮೆಟ್ಟಿಲಿಳಿದು ಮೆಟ್ರೋ ಒಳಗೆ ನುಗ್ಗೋ ಚೇಸ್ ಎಲ್ರಿಗೂ ಇಷ್ಟ, ನನಗೂ. ಪೊಲೀಸ್ ಕಥೆ ಮಾತ್ರ ಸಾಧಾರಣ, ಒಪ್ಕೋತೀನಿ.

ಫ್ರಾನ್ಸಲ್ಲೇ ಮೊದಲು ವಿಮರ್ಶಕರು ಮೂಗು ಮುರಿದಿದ್ರು, ಆದ್ರೆ 1982ರಲ್ಲಿ ನಾಲ್ಕು ಸೆಜಾರ್ (ಫ್ರಾನ್ಸಿನ ಸಿನಿಮಾ ಪ್ರಶಸ್ತಿ) ಬಂತು, ಅಮೆರಿಕದಲ್ಲೂ ಚೆನ್ನಾಗಿ ಓಡ್ತು. ನಾಲ್ಕರಲ್ಲಿ ಒಂದು ಸೌಂಡಿಗೆ, ಒಂದು ಸಂಗೀತಕ್ಕೆ. ಫೋನ್ ಸ್ಪೀಕರಲ್ಲಿ ನೋಡಿ ಬರೀ ಸ್ಟೈಲ್ ಅಂದವರು ಇದನ್ನ ಗಮನಿಸಿ, ಒಳ್ಳೆ ಹೆಡ್‌ಫೋನ್ ಹಾಕ್ಕೊಂಡು ಇನ್ನೊಂದ್ಸಲ ನೋಡಿ.