ಊಟದ ಮ್ಯಾಲೆ ಚಹಾ

ಅಕ್ಕನ ಮಗಳ ಹಿಮೋಗ್ಲೋಬಿನ್ 9 ಬಂದದ. ಹರೇದ ಹುಡುಗ್ಯಾರಿಗೆ 12ರ ಕೆಳಗ ಇಳಿದ್ರ ರಕ್ತಹೀನತೆ. "ಸಜ್ಜಿ ರೊಟ್ಟಿ, ಪುಂಡಿಪಲ್ಯ ಎಲ್ಲಾ ತಿಂತಾಳಲ್ಲೋ!" ಅಂತ ಅವ್ವನ ತಕರಾರು. ತಿಂದದ್ದು ಮೈಗೆ ಹತ್ತಬೇಕಲ್ಲ? ಕಾಳು-ಪಲ್ಯದಾಗಿನ ಕಬ್ಬಿಣ ಮೊದಲೇ ಸಸಾರ ಒಳಗ ಹೋಗಂಗಿಲ್ಲ, ಅದರ ಮ್ಯಾಲೆ ಚಹಾದಾಗಿನ ಟ್ಯಾನಿನ್ ಅನ್ನೋ ಒಗರು ಅಂಶ ಅದನ್ನ ಕರುಳಿನ್ಯಾಗ ಕಟ್ಟಿಹಾಕ್ತದ. ನಮ್ಮ ಕಲಬುರಗಿ ಮಂದಿಗೋ, ಕೈ ತೊಳಿಯೂದ್ರಾಗ ಚಹಾದ ಕಪ್ಪು ಎದುರಿಗೆ ಬರಬೇಕು! ಲಿಂಬಿಹಣ್ಣು ಹಿಂಡಿಕೊಂಡ್ರ ವಿಟಮಿನ್ ಸಿ ಆ ಕಬ್ಬಿಣನ್ನ ಹೀರಿಕೊಳ್ಳೋ ರೂಪಕ್ಕ ತರ್ತದ. ಸಾಲ್ಯಾಗ ವಾರಕ್ಕೊಮ್ಮೆ ಕೊಡೋ ನೀಲಿ ಗುಳಿಗ್ಯಾಗ 60 ಮಿಲಿಗ್ರಾಂ ಕಬ್ಬಿಣ ಇರ್ತದ. ಹುಡುಗ್ಯಾರು ಹೊಟ್ಟಿ ತೊಳಸ್ತದಂತ ಸುಮ್ನ ಕಿಸೆದಾಗ ಇಟ್ಕೊಂಡು ಬರ್ತಾರ. ಇವಳಿಗೆ ಈಗ ಡಾಕ್ಟರು ದಿನಾ ನುಂಗೋ ಗುಳಿಗಿ ಬರ್ದಾರ. ಚಹಾ ಬಿಡಂದ್ರ ಮನ್ಯಾಗ ಯಾರೂ ಒಪ್ಪಲಿಲ್ಲ, ಊಟಾಗಿ ಒಂದು ತಾಸು ತಡೀಲಿಕ್ಕೆ ಒಪ್ಯಾರ.