ಮುಳ್ಳು ಸರಿಸುವ ಊರು, ಕಚೇರಿ ಸರಿಸುವ ಊರು

ತಮ್ಮ ಲಂಡನ್ನಿಗೆ ಹೋದ ಮೊದಲ ಚಳಿಗಾಲದಲ್ಲಿ ನನಗೊಂದು ಉಪಾಯ ಹೇಳಿಕೊಟ್ಟಿದ್ದ. ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದರೆ ಅಲ್ಲಿಯ ಸಮಯ ಕಾಣುತ್ತದೆ ಎಂದ. ಕಲಬುರಗಿಯಲ್ಲಿ ಸರಿಯಾಗಿ 3 ಗಂಟೆಯಾಗಿದ್ದಾಗ ತಿರುಗಿಸಿ ನೋಡಿದೆ. ಸಣ್ಣ ಮುಳ್ಳು 9ರಲ್ಲಿ, ದೊಡ್ಡ ಮುಳ್ಳು 6ರಲ್ಲಿ ನಿಂತಿದ್ದವು. ಸಣ್ಣ ಮುಳ್ಳು ತುಸು ಹಿಂದುಳಿದಂತೆ ಕಂಡರೂ ಒಂಬತ್ತೂವರೆ ಎಂದು ಓದಲು ಅಡ್ಡಿಯಿರಲಿಲ್ಲ. ನಮ್ಮ ಕಾಲಮಾನ ಲಂಡನ್ನಿನ ಗ್ರೀನ್‌ವಿಚ್‌ಗಿಂತ ಐದೂವರೆ ಗಂಟೆ ಮುಂದಿರುವುದೇ ಇದರ ಗುಟ್ಟು.

ಮಾರ್ಚ್ ತಿಂಗಳ ಕೊನೆಯ ರವಿವಾರ ಬಂದೊಡನೆ ಉಪಾಯ ಕೆಟ್ಟಿತು. ಅಂದು ಲಂಡನ್ನಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಸರಿಸುತ್ತಾರೆ. ಅಕ್ಟೋಬರ್ ಕೊನೆಯ ರವಿವಾರದವರೆಗೆ ಅಂತರ ನಾಲ್ಕೂವರೆ ಗಂಟೆಯಷ್ಟೇ. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ದೀಪದ ಖರ್ಚು ತಗ್ಗಿಸಿ ಕಲ್ಲಿದ್ದಲು ಉಳಿಸಲೆಂದು ಶುರುವಾದ ಪದ್ಧತಿಯಿದು. ಬೆಳಕಿಗಾಗಿ ಗಡಿಯಾರವನ್ನೇ ಸುಳ್ಳು ಹೇಳಿಸುವುದೇ ಎಂದು ನಾನು ನಕ್ಕಿದ್ದೆ.

ಆದರೆ ನಾನು ಸರ್ಕಾರಿ ನೌಕರಳು. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯಬೇಕೆಂಬ ಆದೇಶ ಬೇಸಿಗೆ ಬಂತೆಂದರೆ ಬರುತ್ತದೆ. ಅವರು ಮುಳ್ಳು ಸರಿಸಿದರೆ ನಾವು ಹಾಜರಿ ಪುಸ್ತಕವನ್ನು ಸರಿಸುತ್ತೇವೆ. ನಮ್ಮ ವಿಧಾನವೇ ಹೆಚ್ಚು ಪ್ರಾಮಾಣಿಕವೆಂದು ನನ್ನ ಅಭಿಪ್ರಾಯ, ಪಕ್ಷಪಾತವಿದ್ದರೂ ಇರಲಿ.

ಹಾಗೆಂದು ನಮ್ಮ ಗಡಿಯಾರವೂ ಪೂರ್ತಿ ಸತ್ಯವಂತನಲ್ಲ. ಭಾರತೀಯ ಕಾಲಮಾನವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ ಇಟ್ಟಿರುವುದರಿಂದ, ಅದಕ್ಕೆ ಐದೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿರುವ ನಮ್ಮೂರಿನಲ್ಲಿ, ಮೇ ಎರಡನೇ ವಾರದ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದು ನೆರಳು ಕಾಲಡಿ ಸೇರುವುದು 12 ಗಂಟೆಗಲ್ಲ, ಸುಮಾರು 12.20ಕ್ಕೆ. ಅದಾದ ಮೇಲೆ ಸೂಪರ್ ಮಾರ್ಕೆಟ್ ಎಂಬ ಹೆಸರಿನ ನಮ್ಮೂರ ಪೇಟೆಯಲ್ಲಿ ತರಕಾರಿಯ ಮೇಲೆ ಒದ್ದೆ ಗೋಣಿತಟ್ಟು ಬೀಳುತ್ತದೆ, ಗಿರಾಕಿಗಳು ಮಾಯವಾಗುತ್ತಾರೆ. ಸಂಜೆ ಏಳರ ಮೇಲೆ ಅದೇ ಓಣಿಗಳಲ್ಲಿ ಎರಡನೆಯ ಸಲ ಬೆಳಗಾಗುತ್ತದೆ.

ಲಂಡನ್ನಿನವರ ಕೊರತೆ ಬೇರೆಯದು. ನಮ್ಮಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಎರಡು ಗಂಟೆಯ ವ್ಯತ್ಯಾಸವಷ್ಟೇ. ಅಲ್ಲಿ ಸುಮಾರು ಒಂಬತ್ತು ಗಂಟೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ಮೀರಿದರೂ ಮುಳುಗದ ಸೂರ್ಯ ಡಿಸೆಂಬರ್‌ನಲ್ಲಿ ನಾಲ್ಕಕ್ಕೂ ಮುಂಚೆ ಹೋಗಿಬಿಡುತ್ತಾನೆ. ನಮ್ಮ ನೆರೆಯ ಬೀದರ ಜಿಲ್ಲೆಯ ಕಲ್ಯಾಣದಲ್ಲಿ ಬಾಳಿದ ಬಸವಣ್ಣನವರ ಮೂರ್ತಿ 2015ರ ನವೆಂಬರ್ 14ರಂದು ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ ಅನಾವರಣಗೊಂಡಿತು. ನದಿಯಾಚೆಗೆ ಬಿಗ್ ಬೆನ್ ಗಡಿಯಾರವಿರುವ ಸಂಸತ್ ಭವನ. ಡಿಸೆಂಬರ್‌ನ ಒಂದು ದಿನ ತಮ್ಮ ಅಲ್ಲಿಂದ ಫೋಟೊ ಕಳಿಸಿದ್ದ. “ಅಕ್ಕಾ, ಬಸವಣ್ಣಾರು ನಾಕೂವರಿಗೇ ಕತ್ಲಾಗ ನಿಂತಾರ ನೋಡು” ಎಂದು ಬರೆದಿದ್ದ. ನಾನಾಗ ರಾತ್ರಿ ಹತ್ತರ ಹೊತ್ತಿಗೆ ಅಡುಗೆಮನೆಯ ದೀಪ ಆರಿಸುತ್ತಿದ್ದೆ.

ಅವನ ಕೆಲಸ ಮುಗಿಯುವುದು ಸಂಜೆ ಆರಕ್ಕೆ. ಚಳಿಗಾಲದಲ್ಲಿ ಅದು ನಮಗೆ ರಾತ್ರಿ ಹನ್ನೊಂದೂವರೆ, ಆಕಳಿಸುತ್ತಲೇ ಮಾತಾಡಬೇಕು. ಈ ವರ್ಷ ಮಾರ್ಚ್ ಕೊನೆಯ ಸೋಮವಾರ ಮಾಳಿಗೆಯ ಮೇಲೆ ಹಾಸಿಗೆ ಹಾಸುತ್ತಿರುವಾಗ ಹತ್ತೂವರೆಗೇ ಫೋನು ಬಂತು.

“ಇಷ್ಟ್ ಲಗೂ ಹೆಂಗ ಮಾಡ್ದಿ?” ಎಂದೆ.

“ಗಡಿಯಾರ ಮುಂದ ಮಾಡ್ಯಾರ, ಅಕ್ಕಾ.”

“ನಾಡಿದ್ದಿಂದ ನಮ್ಮ ಆಫೀಸೂ ಮುಂದ ಮಾಡ್ಯಾರ. ಎಂಟಕ್ಕ ಹೋಗಬೇಕು, ಐದಕ್ಕೇ ಎದ್ದು ರೊಟ್ಟಿ ಬಡೀಬೇಕು. ಏನದ ಜಲ್ದಿ ಹೇಳು.”