ಚಾರ್ಲ್ಸ್‌ಟನ್: ಗದ್ದೆಯಿಂದ ಬಂಗಲೆಗೆ

ಅಮೆರಿಕದ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ಗೆ ಹೋದವರು ಸಾಮಾನ್ಯವಾಗಿ ಮೊದಲು ನೋಡುವುದು ಕಡಲಂಚಿನ ಬಂಗಲೆಗಳ ಸಾಲನ್ನು. ಈ ಕ್ರಮವನ್ನು ತಿರುವಿ ಹಾಕಿ: ಗದ್ದೆ ಮೊದಲು, ಬಂಗಲೆ ಕೊನೆಗೆ. ಈ ಊರಿನ ದುಡ್ಡು ಹುಟ್ಟಿದ್ದು ಭತ್ತದ ಕೆಸರಿನಲ್ಲಿ. ಆ ಕೆಸರಿಗಿಳಿದವರು ಆಫ್ರಿಕದಿಂದ ಹಿಡಿದು ತಂದ ಜನ ಮತ್ತು ಅವರ ಮಕ್ಕಳು. ಇಂಗ್ಲಿಷರು 1670ರಲ್ಲಿ ಇಲ್ಲಿ ನೆಲೆಯೂರಿದರು. 1708ರ ಹೊತ್ತಿಗಾಗಲೇ ವಸಾಹತಿನಲ್ಲಿ ಬಿಳಿಯರಿಗಿಂತ ಕಪ್ಪು ಜನರೇ ಹೆಚ್ಚಾಗಿದ್ದರು.

ಊರಿಂದ 17ನೇ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಸುಮಾರು 15 ಮೈಲಿ ಹೋದರೆ ರಾವೆನೆಲ್ ಬಳಿ ‘ಕಾ ಕಾ’ ಎಂಬ ಸಾರ್ವಜನಿಕ ಉದ್ಯಾನ ಸಿಗುತ್ತದೆ. ಹಳೆಯ ಭತ್ತದ ಎಸ್ಟೇಟುಗಳ ಬದುಗಳೇ ಈಗ ಕಾಲುದಾರಿ. ಕಾಲುವೆಗಳಲ್ಲಿ ಅಲಿಗೇಟರ್‌ಗಳಿವೆ, ನೀರಿನಂಚಿಗೆ ಮಕ್ಕಳನ್ನು ಬಿಡಬೇಡಿ. ಬೇಸಿಗೆಯಲ್ಲಿ ಸೊಳ್ಳೆ ವಿಪರೀತ. ನವೆಂಬರಿನಿಂದ ಮಾರ್ಚ್‌ವರೆಗೆ ಓಡಾಟ ಹಿತ. ಸೊಳ್ಳೆಗೂ ಈ ಚರಿತ್ರೆಯಲ್ಲಿ ಪಾಲಿದೆ. ಮಲೇರಿಯಾಕ್ಕೆ ಹೆದರಿ ಮಾಲೀಕರು ಮೇ ತಿಂಗಳಿಂದ ಚಳಿ ಬೀಳುವವರೆಗೆ ಪಟ್ಟಣ ಸೇರಿಬಿಡುತ್ತಿದ್ದರು. ಗುಲಾಮರಿಗೆ ಗದ್ದೆ ಬಿಟ್ಟು ಹೋಗಲು ಜಾಗವಿರಲಿಲ್ಲ.

ಬದುವಿನ ನಡುವೆ ಮರದ ತೂಬು ಕಂಡಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. 18ನೇ ಶತಮಾನದ ಮಧ್ಯದಿಂದೀಚೆಗೆ ಇಲ್ಲಿನ ಬೇಸಾಯ ಒಳನಾಡಿನ ಜೌಗಿನಿಂದ ನದಿದಂಡೆಗೆ ಸರಿಯಿತು, ಸಮುದ್ರದ ಉಬ್ಬರವನ್ನೇ ನೀರಾವರಿಗೆ ಬಳಸಿಕೊಂಡಿತು. ಉಬ್ಬರದ ಉಪ್ಪುನೀರು ಭಾರವಾದ್ದರಿಂದ ನದಿಯ ತಳದಲ್ಲಿ ನುಗ್ಗಿ ಮೇಲಿನ ಸಿಹಿನೀರನ್ನು ಎತ್ತುತ್ತದೆ. ಗದ್ದೆಗೆ ಬೇಕಾದದ್ದು ಆ ಮೇಲ್ಪದರ. ತೂಬೆಂದರೆ ಬದುವಿನಡಿ ಹಾಯುವ ಉದ್ದನೆಯ ಮರದ ಪೆಟ್ಟಿಗೆ, ಎರಡೂ ತುದಿಗೆ ತೂಗುವ ಬಾಗಿಲು. ನೀರು ಹಾಯಿಸಲು ನದಿ ಕಡೆಯ ಬಾಗಿಲನ್ನು ಎತ್ತಿ ಕಟ್ಟುತ್ತಾರೆ. ಉಬ್ಬರ ಒಳಬಾಗಿಲನ್ನು ತಳ್ಳಿಕೊಂಡು ಗದ್ದೆ ಸೇರುತ್ತದೆ. ಇಳಿತ ಶುರುವಾದೊಡನೆ ಗದ್ದೆಯ ನೀರೇ ಒತ್ತಿ ಆ ಬಾಗಿಲನ್ನು ಮುಚ್ಚುತ್ತದೆ. ಬಸಿಯಬೇಕಾದರೆ ಒಳಬಾಗಿಲು ಎತ್ತಿ, ಹೊರಗಿನದನ್ನು ತೂಗಲು ಬಿಟ್ಟರಾಯಿತು.

ಉತ್ತರ ಕನ್ನಡದ ಅಘನಾಶಿನಿ ನದಿಯಂಚಿನ, ಉಬ್ಬರದ ನೀರು ಹಾಯುವ ಗಜನಿ ಗದ್ದೆ ಕಂಡವರಿಗೆ ಇದರ ಮರ್ಮ ಬೇಗ ಹೊಳೆಯುತ್ತದೆ. ಆದರೆ ಅಲ್ಲಿನ ಕಗ್ಗ ಭತ್ತ ಉಪ್ಪನ್ನು ತಡೆಯುತ್ತದೆ, ಕೆರೊಲಿನಾದ್ದು ತಡೆಯುತ್ತಿರಲಿಲ್ಲ. ಹಾಗಾಗಿ ಗದ್ದೆ ಕಡಲಿಗೆ ತೀರ ಹತ್ತಿರವೂ ಇರಬಾರದು, ಉಬ್ಬರ ಮುಟ್ಟದಷ್ಟು ದೂರವೂ ಇರಬಾರದು. ಮಳೆ ಕೈಕೊಟ್ಟ ವರ್ಷ ಉಪ್ಪು ನದಿಯಲ್ಲಿ ಮೇಲಕ್ಕೇರುತ್ತಿತ್ತು. ನೀರು ಸಪ್ಪೆಯೋ ಉಪ್ಪೋ ಎಂದು ತಿಳಿಯದೆ ಬಾಗಿಲೆತ್ತಿದರೆ ಪೈರು ಸೀದುಹೋಗುತ್ತಿತ್ತು. ತೂಬು ಕಾಯುವ ಗುಲಾಮನ ಮೇಲೆ ಇಡೀ ಫಸಲು ನಿಂತಿತ್ತು. ನೆರೆ ಬಂದರೆ ಬದು ಒಡೆಯುತ್ತಿತ್ತು, ಪ್ರಾಣಿಗಳು ಕೊರೆದ ಬಿಲದಿಂದಲೂ ಒಡೆಯುತ್ತಿತ್ತು. ತೆನೆ ಹಾಲುದುಂಬುವಾಗ ಬೊಬೊಲಿಂಕ್ ಹಕ್ಕಿಗಳ ಹಿಂಡು ಎರಗುತ್ತಿತ್ತು.

ಕೆಲಸದ ಲೆಕ್ಕ ಅಳತೆಯಲ್ಲಿತ್ತು. ಕಳೆ ತೆಗೆಯಲು ಒಬ್ಬರಿಗೆ ದಿನಕ್ಕೆ ಕಾಲು ಎಕರೆ, ಅಂದರೆ ಸುಮಾರು 105 ಅಡಿ ಚೌಕ. ಅದನ್ನು ಮುಗಿಸಿದರೆ ಉಳಿದ ಹೊತ್ತು ತಮ್ಮದು. ತರಕಾರಿ ಬೆಳೆದುಕೊಳ್ಳಬಹುದು, ಕೋಳಿ ಸಾಕಬಹುದು. ಇದನ್ನು ಮಾಲೀಕರ ಔದಾರ್ಯವೆಂದು ಬಣ್ಣಿಸುವವರಿದ್ದಾರೆ, ಒಪ್ಪಬೇಡಿ. ಗುಲಾಮರು ತಮ್ಮ ಹೊಟ್ಟೆಗೆ ತಾವೇ ದುಡಿದುಕೊಂಡಷ್ಟು ಮಾಲೀಕನ ಪಡಿ ಉಳಿಯುತ್ತಿತ್ತು.

ಹೆದ್ದಾರಿಯಲ್ಲಿ ಮರಳುವಾಗ ಸ್ಟೋನೋ ಬಂಡಾಯದ ಫಲಕ ನೋಡಿಕೊಂಡು ಬನ್ನಿ. 1739ರ ಸೆಪ್ಟೆಂಬರ್ 9ರಂದು ಇಲ್ಲಿ ಸುಮಾರು 20 ಗುಲಾಮರು ಅಂಗಡಿಯೊಂದನ್ನು ಒಡೆದು ಬಂದೂಕು ಹಿಡಿದು, ಸ್ಪೇನಿನ ಕೈಯಲ್ಲಿದ್ದ ಫ್ಲಾರಿಡಾದತ್ತ ಹೊರಟರು. ಅಲ್ಲಿ ಬಿಡುಗಡೆಯ ಭರವಸೆಯಿತ್ತು. ದಾರಿಯಲ್ಲಿ ಜನ ಕೂಡಿಕೊಂಡರು, ಅಂದೇ ಸೇನೆ ಅವರನ್ನು ಮುರಿಯಿತು. ಮರುವರ್ಷದ ಕಾನೂನು ಗುಲಾಮರಿಗೆ ಬರೆಯಲು ಕಲಿಸಿದವರಿಗೆ 100 ಪೌಂಡ್ ದಂಡ ವಿಧಿಸಿತು. ಬೇಸಿಗೆಯಲ್ಲಿ ದಿನಕ್ಕೆ 15 ಗಂಟೆ, ಉಳಿದ ಕಾಲದಲ್ಲಿ 14 ಗಂಟೆ ಮೀರಿ ದುಡಿಸಬಾರದು ಎಂದೂ ಹೇಳಿತು. ಇದು ಮಿತಿ ಹಾಕಿದ ಕಾನೂನು ಎಂಬುದನ್ನು ನೆನಪಿಡಿ!

ಆಶ್ಲಿ ನದಿಯ ದಾರಿಯಲ್ಲಿ ಮಿಡಲ್ಟನ್ ಪ್ಲೇಸ್ ಎಂಬ ಹಳೆಯ ಎಸ್ಟೇಟು ಇದೆ. ತೋಟವನ್ನು ಬೇಗ ದಾಟಿ, ಎಲೈಜಾಸ್ ಹೌಸ್ ಎಂಬ ಪುಟ್ಟ ಮರದ ಮನೆಗೆ ಹೋಗಿ. ಮಿಡಲ್ಟನ್ ಕುಟುಂಬದ ವಶದಲ್ಲಿದ್ದ 2,800ಕ್ಕೂ ಹೆಚ್ಚು ಗುಲಾಮರ ಪಟ್ಟಿ ಅಲ್ಲಿದೆ. ಕೊಯ್ಲಿನ ನಂತರ ಚಳಿಗಾಲದ ಕೆಲಸ ಕುಟ್ಟುವುದು. ಮರದ ಒರಳು, ಒನಕೆ. ಏಟು ಜೋರಾದರೆ ಕಾಳು ಮುರಿದು ನುಚ್ಚು, ಮೆಲ್ಲಗಾದರೆ ತೌಡು ಬಿಡದು. ಯುರೋಪಿನಲ್ಲಿ ಬೆಲೆಯಿದ್ದದ್ದು ಇಡಿಕಾಳಿಗೆ. ಕೇರಲು ಹುಲ್ಲನ್ನು ಸುರುಳಿ ಸುತ್ತಿ ಹೆಣೆದ ಅಗಲವಾದ ಮೊರ. ಆ ಕೈಕೆಲಸ ಆಫ್ರಿಕದ್ದು. ಮೌಂಟ್ ಪ್ಲೆಸೆಂಟ್‌ನ ರಸ್ತೆಬದಿಯಲ್ಲಿ ಆ ಗುಲಾಮರ ವಂಶದವರು ಇಂದಿಗೂ ಬುಟ್ಟಿ ಹೆಣೆದು ಮಾರುತ್ತಾರೆ. ಚೌಕಾಸಿ ಮಾಡಬೇಡಿ. ಒಂದು ಬುಟ್ಟಿಗೆ ಎಷ್ಟೋ ದಿನದ ದುಡಿಮೆ ಹಿಡಿಯುತ್ತದೆ.

ಬಟ್ಟೆಗೆ ಬಣ್ಣ ಕೊಡುವ ನೀಲಿ ಬೆಳೆಯ ಕಥೆ ಚಿಕ್ಕದು. 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬಾಕೆ ನೋಡಿಕೊಳ್ಳುತ್ತಿದ್ದ ತಂದೆಯ ಎಸ್ಟೇಟಿನಲ್ಲಿ ಬೆಳೆ ಕೈಹತ್ತಿತು, ಬ್ರಿಟನ್ ಪ್ರೋತ್ಸಾಹಧನ ಕೊಟ್ಟಿತು. ಸ್ವಾತಂತ್ರ್ಯ ಬಂದ ಮೇಲೆ ಆ ಹಣ ನಿಂತಿತು, ಬ್ರಿಟನ್ ತನ್ನ ನೀಲಿಗೆ ಬಂಗಾಳದ ಕಡೆ ತಿರುಗಿತು.

ಪಟ್ಟಣಕ್ಕೆ ಬಂದಮೇಲೆ ಗ್ಯಾಡ್ಸ್‌ಡನ್ ಧಕ್ಕೆ. 1808ರಿಂದ ಗುಲಾಮರ ಆಮದು ನಿಷೇಧವಾಗುತ್ತದೆಂದು ಗೊತ್ತಿದ್ದ ವ್ಯಾಪಾರಿಗಳು ಅದಕ್ಕೆ ಮುಂಚಿನ ನಾಲ್ಕು ವರ್ಷಗಳಲ್ಲಿ ಸುಮಾರು 40,000 ಜನರನ್ನು ಈ ರಾಜ್ಯಕ್ಕೆ ತಂದರು. 1806ರಿಂದ ಗುಲಾಮರ ಹಡಗುಗಳು ಈ ಧಕ್ಕೆಗೇ ಬರಬೇಕೆಂದು ಆಜ್ಞೆಯಾಯಿತು. ಈ ಜಾಗದಲ್ಲಿ 2023ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನ ಬೇಕು. ಚಾರ್ಲ್ಸ್‌ಟನ್ ಮ್ಯೂಸಿಯಂನಲ್ಲಿ ತಾಮ್ರದ ಬಿಲ್ಲೆಗಳನ್ನು ಹುಡುಕಿ. ಪಟ್ಟಣದಲ್ಲಿ ಗುಲಾಮರನ್ನು ಬಾಡಿಗೆಗೆ ಬಿಡುತ್ತಿದ್ದರು. ಮಾಲೀಕ ಪ್ರತಿವರ್ಷ ನಗರಕ್ಕೆ ಶುಲ್ಕ ಕಟ್ಟಬೇಕು, ದುಡಿಯುವವರು ಬಿಲ್ಲೆ ಧರಿಸಬೇಕು. ಅದರ ಮೇಲೆ ವರ್ಷ, ಕಸುಬು, ಸಂಖ್ಯೆ. ಹೆಸರಿಲ್ಲ.

ಬಂಗಲೆಗಳಲ್ಲಿ ಒಂದಕ್ಕೇ ಸಮಯವಿದ್ದರೆ ಎಲಿಜಬೆತ್ ಬೀದಿಯ ಏಕನ್-ರೆಟ್ ಮನೆಯನ್ನು ಆರಿಸಿ. ಹಿತ್ತಲಿನ ಅಡುಗೆಮನೆ, ಒಗೆಯುವ ಕೋಣೆ, ಲಾಯ, ಮಹಡಿಯ ಮೇಲಿನ ಗುಲಾಮರ ಕೋಣೆಗಳು ಹೊಸ ಬಣ್ಣವಿಲ್ಲದೆ ಉಳಿದಿವೆ. ಮೊದಲು ಅಲ್ಲಿ ಸುತ್ತಾಡಿ, ಆಮೇಲೆ ದಿವಾನಖಾನೆಗೆ ಹೋಗಿ. ಇದರ ಒಡೆಯ ವಿಲಿಯಂ ಏಕನ್ ಗವರ್ನರ್ ಆಗಿದ್ದವನು. ಅವನ ದುಡ್ಡಿನ ದೊಡ್ಡ ಪಾಲು ಬಂದದ್ದು 700ಕ್ಕೂ ಹೆಚ್ಚು ಗುಲಾಮರು ದುಡಿಯುತ್ತಿದ್ದ ಜೆಹೋಸಿ ದ್ವೀಪದ ಭತ್ತದಿಂದ.